ಕೂಲಿಯಾಳುಗಳ ಕಥೆಗಾರ ಜಾನ್ ಸ್ಟೈನ್‌ಬೆಕ್

ಹೊಲ ಉಳುವಾಗ ನೇಗಿಲ ಬಾಯಿಗೆ ಇಲಿಯ ಗೂಡು ಸಿಕ್ಕಿ, ಇನ್ನೂ ಕಣ್ಣು ಬಿಡದ ಮರಿಗಳು ಸಾಲಿನ ಮೇಲೆ ಬಿದ್ದು ಒದ್ದಾಡುವುದನ್ನು ದೊಡ್ಡಬೆಳವಂಗಲದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಬೆಳೆದವರು ನೋಡಿಯೇ ಇರುತ್ತಾರೆ. ಈಗ ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಇಲಿಯ ಪಾಡು ಮಾತ್ರ ಬದಲಾಗಿಲ್ಲ. 1785ರಲ್ಲಿ ಸ್ಕಾಟ್ಲೆಂಡಿನ ರೈತಕವಿ ರಾಬರ್ಟ್ ಬರ್ನ್ಸ್ ಇಂಥದೇ ಒಂದು ಇಲಿಯನ್ನು ಕುರಿತು ಪದ್ಯ ಬರೆದರು. ಚಳಿಗಾಲಕ್ಕೆಂದು ಕಷ್ಟಪಟ್ಟು ಕಟ್ಟಿಕೊಂಡ ಮನೆ ಒಂದೇ ಕ್ಷಣದಲ್ಲಿ ಹಾಳಾದುದನ್ನು ಕಂಡು ಮರುಗಿದ ಪದ್ಯ ಅದು. ನೂರೈವತ್ತು ವರ್ಷಗಳ ನಂತರ ಅಮೆರಿಕದ ಲೇಖಕರೊಬ್ಬರು ತಮ್ಮ ಸಣ್ಣ ಕಾದಂಬರಿಗೆ ಆ ಪದ್ಯದಿಂದಲೇ ಹೆಸರನ್ನು ಆರಿಸಿಕೊಂಡರು. ಕಾದಂಬರಿ 'ಆಫ್ ಮೈಸ್ ಅಂಡ್ ಮೆನ್'. ಇಲಿಗಳನ್ನೂ ಮನುಷ್ಯರನ್ನೂ ಕುರಿತದ್ದು ಎಂದು ಅರ್ಥ. ಲೇಖಕರು ಜಾನ್ ಸ್ಟೈನ್‌ಬೆಕ್.

ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡ ವಿದ್ಯಾರ್ಥಿ ಮಿತ್ರರಿಗೆ ಒಂದಲ್ಲ ಒಂದು ದಿನ ಈ ಪುಸ್ತಕ ಎದುರಾಗುತ್ತದೆ. ನೂರು ಚಿಲ್ಲರೆ ಪುಟಗಳಷ್ಟೆ. ಸಣ್ಣದೆಂದು ಕೈಗೆತ್ತಿಕೊಂಡರೆ ಆಳುಗಳ ಆಡುಮಾತಿನ ಇಂಗ್ಲಿಷ್ ಮೊದಲ ಪುಟದಲ್ಲೇ ತಡೆಯುತ್ತದೆ. ಗೈಡು ಓದಿ ಪರೀಕ್ಷೆ ಬರೆದು ಪಾಸಾಗಲು ಅಡ್ಡಿಯಿಲ್ಲ. ಆದರೆ ಬರೆದವರ ಬದುಕನ್ನು ಸ್ವಲ್ಪ ತಿಳಿದು ಓದಿದರೆ ಅದೇ ಪುಸ್ತಕ ಬೇರೆಯಾಗಿ ಕಾಣುತ್ತದೆ.

ಜಾನ್ ಸ್ಟೈನ್‌ಬೆಕ್ ಹುಟ್ಟಿದ್ದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಸಲಿನಾಸ್ ಎಂಬ ಊರಿನಲ್ಲಿ. ಎರಡು ಬೆಟ್ಟಸಾಲುಗಳ ನಡುವೆ ನದಿ ಹರಿಯುವ ಉದ್ದನೆಯ ಕಣಿವೆ, ಕಪ್ಪು ಮಣ್ಣು, ಎಲ್ಲಿ ನೋಡಿದರೂ ಬೇಸಾಯ. ತಂದೆ ಹಿಟ್ಟಿನ ಗಿರಣಿಯೊಂದರ ಮ್ಯಾನೇಜರ್ ಆಗಿದ್ದರು. ಆ ಕೆಲಸ ಹೋದ ಮೇಲೆ ದನಕರುಗಳ ಮೇವಿನ ಅಂಗಡಿ ಇಟ್ಟು ಕೈಸುಟ್ಟುಕೊಂಡರು. ಕೊನೆಗೆ ಮಾಂಟೆರೆ ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ಪ್ರದೇಶದ, ಖಜಾಂಚಿಯಾದರು. ತಾಯಿ ಆಲಿವ್ ಮದುವೆಗೆ ಮುಂಚೆ ಶಾಲಾ ಶಿಕ್ಷಕಿಯಾಗಿದ್ದವರು. ಮೂವರು ಹೆಣ್ಣುಮಕ್ಕಳ ನಡುವೆ ಜಾನ್ ಒಬ್ಬನೇ ಗಂಡುಮಗ. ಒಂಬತ್ತನೆಯ ವಯಸ್ಸಿನಲ್ಲಿ ಬಂಧುವೊಬ್ಬರು ಆರ್ಥರ್ ರಾಜನ ಕಥೆಗಳ ಪುಸ್ತಕವನ್ನು ಕೊಟ್ಟರು. ಆ ಹಳೆಯ ಇಂಗ್ಲಿಷಿನ ಕಥೆಗಳ ಗೀಳು ಅವರನ್ನು ಸಾಯುವವರೆಗೂ ಬಿಡಲಿಲ್ಲ.

ಮನೆಯವರಿಗೆ ಮಗ ಓದಿ ದೊಡ್ಡ ಹುದ್ದೆಗೆ ಹೋಗಬೇಕೆಂಬ ಆಸೆ. 1919ರಲ್ಲಿ ಹೈಸ್ಕೂಲು ಮುಗಿಸಿ ಹೆಸರಾಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಒಂದು ಟರ್ಮ್ ಕಾಲೇಜು, ಒಂದು ಟರ್ಮ್ ಕೂಲಿ ಎಂಬಂತೆ ಆರು ವರ್ಷ ಕಳೆದು, 1925ರಲ್ಲಿ ಪದವಿ ಪಡೆಯದೆಯೇ ಹೊರಬಂದರು. ತಂದೆತಾಯಿಗಳಿಗೆ ಎಷ್ಟು ನೋವಾಗಿರಬೇಕೆಂದು ಊಹಿಸಬಹುದು. ನಮ್ಮಲ್ಲಿಯೂ ಇಂಥ ಮನೆಗಳಿವೆ. ಆದರೆ ಕಾಲೇಜು ಬಿಟ್ಟು ಹೋದಾಗಲೆಲ್ಲ ಅವರು ಎಲ್ಲಿಗೆ ಹೋಗುತ್ತಿದ್ದರು ಎಂಬುದೇ ಮುಖ್ಯ. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಸ್ಪ್ರೆಕಲ್ಸ್ ಕಂಪನಿಗೆ ಆ ಕಣಿವೆಯಲ್ಲಿ ದೊಡ್ಡ ದೊಡ್ಡ ಜಮೀನುಗಳಿದ್ದವು. ಅಲ್ಲಿನವರು ಇಂಥ ಜಮೀನನ್ನು ರಾಂಚ್ ಎನ್ನುತ್ತಾರೆ. ಅಲ್ಲಿ ಸ್ಟೈನ್‌ಬೆಕ್ ಬೇಸಾಯದ ಕೆಲಸಗಾರರ ಜೊತೆ ಕೂಲಿ ಮಾಡಿದರು, ಅವರಂತೆಯೇ ಉಂಡು ಮಲಗಿದರು. ಬಾರ್ಲಿ ಕೊಯ್ಲಿಗೆ ಬಂದು, ಮೂಟೆ ಹೊತ್ತು, ತಿಂಗಳ ಕೂಲಿ ಪಡೆದು, ಪೇಟೆಯಲ್ಲಿ ಅದನ್ನು ಕಳೆದು ಮುಂದಿನ ಊರಿಗೆ ನಡೆಯುವ ಒಂಟಿ ಗಂಡಸರನ್ನು ಅವರು ಹತ್ತಿರದಿಂದ ಕಂಡರು. ಅವರಿಗೆ ಹೆಂಡತಿ ಮಕ್ಕಳಿಲ್ಲ, ಮನೆಯಿಲ್ಲ, ಹೆಗಲ ಮೇಲಿನ ಕಂಬಳಿ ಸುರುಳಿಯೇ ಆಸ್ತಿ. ಅವರಲ್ಲಿ ಒಬ್ಬ ಬುದ್ಧಿ ಬೆಳೆಯದ ಬಲಶಾಲಿ. ಅವನೇ ತಮ್ಮ ಲೆನ್ನಿಗೆ ಮೂಲ ಎಂದು ಸ್ಟೈನ್‌ಬೆಕ್‌ರವರು 1937ರಲ್ಲಿ ಪತ್ರಕರ್ತರಿಗೆ ತಿಳಿಸಿದರು. ಆ ನಿಜವಾದ ಮನುಷ್ಯ ಕೊಂದದ್ದು ಒಬ್ಬ ಮೇಸ್ತ್ರಿಯನ್ನು, ತನ್ನ ಗೆಳೆಯನನ್ನು ಕೆಲಸದಿಂದ ತೆಗೆದನೆಂಬ ಸಿಟ್ಟಿಗೆ. ಅವನನ್ನು ಹುಚ್ಚಾಸ್ಪತ್ರೆಯಲ್ಲಿ ಇಟ್ಟಿದ್ದರು.

1925ರಲ್ಲಿ ಸರಕಿನ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಕಟ್ಟಡದ ಕೆಲಸದಲ್ಲಿ ಕೂಲಿಯಾದರು, ಆಮೇಲೆ ಒಂದು ಪತ್ರಿಕೆಯ ವರದಿಗಾರರಾದರು. ಆ ಕೆಲಸವೂ ಉಳಿಯದೆ ಮರುವರ್ಷವೇ ಊರಿಗೆ ಮರಳಿ, ಚಳಿಗಾಲದಲ್ಲಿ ಹಿಮ ಮುಚ್ಚುವ ಟಾಹೋ ಸರೋವರದ ದಡದ ಒಂದು ಎಸ್ಟೇಟಿನಲ್ಲಿ ಕಾವಲುಗಾರರಾಗಿ ಕುಳಿತು ಬರೆದರು. ಮೊದಲ ಕಾದಂಬರಿ 'ಕಪ್ ಆಫ್ ಗೋಲ್ಡ್' 1929ರಲ್ಲಿ ಬಂದಿತು. ಕೆಲವೇ ವಾರಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಆರಂಭವಾಯಿತು. ಪುಸ್ತಕವನ್ನು ಕೇಳುವವರಿರಲಿಲ್ಲ. 1930ರಲ್ಲಿ ಕ್ಯಾರೊಲ್ ಹೆನ್ನಿಂಗ್‌ರನ್ನು ಮದುವೆಯಾದರು. ಪೆಸಿಫಿಕ್ ಗ್ರೋವ್‌ನಲ್ಲಿದ್ದ ತಂದೆಯ ಪುಟ್ಟ ಮನೆಯೇ ಆಸರೆ, ತಂದೆ ತಿಂಗಳಿಗೆ ಕೊಡುತ್ತಿದ್ದ 25 ಡಾಲರೇ ಆದಾಯ. ಹಿತ್ತಲಿನ ತರಕಾರಿ, ಸಮುದ್ರದ ಮೀನು, ಇಷ್ಟರಲ್ಲಿ ಸಂಸಾರ ಸಾಗಿತು. ಪದವಿ ಪಡೆಯದೆ ಬಂದ ಮಗನನ್ನು ಆ ತಂದೆ ಮೂದಲಿಸದೆ ಸಾಕಿದರೆಂಬುದನ್ನು ಮರೆಯಬಾರದು.

1933ರಲ್ಲಿ ತಾಯಿಗೆ ಪಾರ್ಶ್ವವಾಯು ಬಡಿಯಿತು. ಜಾನ್ ಮತ್ತು ಕ್ಯಾರೊಲ್ ಸಲಿನಾಸ್‌ನ ಮನೆಗೆ ಬಂದು ಶುಶ್ರೂಷೆಗೆ ನಿಂತರು. ಹಾಸಿಗೆ ಬದಲಿಸುವುದು, ಬಟ್ಟೆ ಒಗೆಯುವುದು, ಮಧ್ಯೆ ಬಿಡುವಾದಾಗ ತಾಯಿಯ ಕೋಣೆಯ ಹೊರಗೆ ಕುಳಿತು ನಾಲ್ಕು ಸಾಲು ಬರೆಯುವುದು. ಕೆಂಪು ಕುದುರೆ ಮರಿಯ ಕಥೆಗಳು ಹಾಗೆ ಹುಟ್ಟಿದವು. 1934ರಲ್ಲಿ ತಾಯಿ ತೀರಿಕೊಂಡರು. 1935ರ ಮೇ ತಿಂಗಳಲ್ಲಿ ತಂದೆಯೂ ಹೋದರು. ಅದೇ ತಿಂಗಳು 'ಟಾರ್ಟಿಲಾ ಫ್ಲ್ಯಾಟ್' ಪ್ರಕಟವಾಗಿ, ಸ್ಟೈನ್‌ಬೆಕ್ ಹೆಸರು ಮೊದಲ ಬಾರಿಗೆ ದೇಶಕ್ಕೆಲ್ಲ ತಿಳಿಯಿತು. ಮಗನ ಗೆಲುವನ್ನು ಕಾಣಲು ಇಬ್ಬರೂ ಉಳಿದಿರಲಿಲ್ಲ.

1936ರಲ್ಲಿ 'ಆಫ್ ಮೈಸ್ ಅಂಡ್ ಮೆನ್' ಬರೆಯಲು ಕುಳಿತರು. ಓದಲೂ ಬರಬೇಕು, ಹಾಗೆಯೇ ರಂಗದ ಮೇಲೆ ಆಡಿಸಲೂ ಬರಬೇಕು ಎಂಬಂತೆ ಕಟ್ಟುವ ಪ್ರಯೋಗ ಅದು. ಆದುದರಿಂದಲೇ ಕಥೆ ನಡೆಯುವುದು ಮೂರು ನಾಲ್ಕು ಜಾಗಗಳಲ್ಲಿ ಮಾತ್ರ. ನದಿಯ ದಡ, ಆಳುಗಳ ಮಲಗುವ ಮನೆ, ಕುದುರೆ ಲಾಯದ ಪಕ್ಕದ ಕೋಣೆ, ಹುಲ್ಲಿನ ಕೊಟ್ಟಿಗೆ. ಒಂದು ರಾತ್ರಿ ಮನೆಯಲ್ಲಿ ಯಾರೂ ಇಲ್ಲದಾಗ ಅವರ ನಾಯಿಮರಿ ಟೋಬಿ ಹಸ್ತಪ್ರತಿಯ ಸುಮಾರು ಅರ್ಧ ಭಾಗವನ್ನು ಹರಿದು ಚಿಂದಿ ಮಾಡಿತು. ಬೇರೆ ಪ್ರತಿ ಇರಲಿಲ್ಲ. ಎರಡು ತಿಂಗಳ ದುಡಿಮೆ ನೀರುಪಾಲು. ಸ್ಟೈನ್‌ಬೆಕ್ ನಾಯಿಯನ್ನು ಹೆಚ್ಚೇನೂ ದಂಡಿಸದೆ ಮತ್ತೆ ಮೊದಲಿನಿಂದ ಬರೆದರು. ನಾಯಿಗೆ ವಿಮರ್ಶೆಯ ಬುದ್ಧಿ ಇದ್ದಿರಬಹುದೆಂದು ತಮಾಷೆಯನ್ನೂ ಮಾಡಿದರು.

ಕಥೆಯನ್ನು ಹೇಳಿಬಿಡುತ್ತೇನೆ. ಜಾರ್ಜ್ ಚುರುಕು ಬುದ್ಧಿಯ ಸಣ್ಣಾಳು. ಲೆನ್ನಿ ದೈತ್ಯ ದೇಹದ, ಎಳೆ ಮಗುವಿನ ಬುದ್ಧಿಯವನು. ರಕ್ತಸಂಬಂಧಿಗಳಲ್ಲದಿದ್ದರೂ ಜೊತೆಯಾಗಿ ಊರೂರು ಅಲೆಯುತ್ತಾರೆ. ಮೆತ್ತಗಿರುವುದನ್ನು ಸವರಬೇಕೆಂಬುದೊಂದೇ ಲೆನ್ನಿಯ ಆಸೆ, ಇಲಿಮರಿಯಾಗಲಿ, ನಾಯಿಮರಿಯಾಗಲಿ. ಅವನ ಕೈಬಲಕ್ಕೆ ಅವು ಸತ್ತುಹೋಗುತ್ತವೆ. ತಿಂಗಳಿಗೆ 50 ಡಾಲರ್ ಕೂಲಿಗೆ ಸೊಲೆಡಾಡ್ ಎಂಬ ಊರಿನ ಸಮೀಪದ ರಾಂಚ್‌ಗೆ ಸೇರುತ್ತಾರೆ. ಸೊಲೆಡಾಡ್ ನಿಜವಾದ ಊರೇ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಒಂಟಿತನವೆಂದು ಅರ್ಥ. ಇಬ್ಬರದೂ ಒಂದೇ ಕನಸು. ಹತ್ತು ಎಕರೆ ಜಮೀನು, ಒಂದು ಸಣ್ಣ ಮನೆ, ಒಂದು ಹಸು, ಲೆನ್ನಿಗೆ ಸವರಲು ಮೊಲಗಳು. ಬೆಲೆ 600 ಡಾಲರ್. ಒಂದು ಕೈ ಕಳೆದುಕೊಂಡ ಮುದುಕ ಕ್ಯಾಂಡಿ ಇದನ್ನು ಕೇಳಿಸಿಕೊಳ್ಳುತ್ತಾನೆ. ಕೈಗೆ ಸಿಕ್ಕ ಪರಿಹಾರ 250, ಉಳಿತಾಯ 50, ತಿಂಗಳ ಕೊನೆಗೆ ಬರಬೇಕಾದ್ದು 50. ಒಟ್ಟು 350 ಡಾಲರನ್ನು ತಾನು ಹಾಕುತ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ ಎಂದು ಬೇಡುತ್ತಾನೆ. ಆಗ ಕನಸು ಕೈಗೆಟಕುವಷ್ಟು ಹತ್ತಿರ ಬರುತ್ತದೆ. ಕಪ್ಪು ವರ್ಣದವನೆಂಬ ಕಾರಣಕ್ಕೆ ಲಾಯದ ಪಕ್ಕದಲ್ಲಿ ಒಬ್ಬನೇ ಮಲಗಬೇಕಾದ ಕ್ರೂಕ್ಸ್ ಕೂಡ ಒಂದು ಗಳಿಗೆ ಆ ಕನಸಿನೊಳಕ್ಕೆ ಇಣುಕಿ, ಮರುಗಳಿಗೆಯೇ ಹಿಂದೆ ಸರಿಯುತ್ತಾನೆ. ಯಜಮಾನನ ಮಗ ಕರ್ಲಿಯ ಹೆಂಡತಿಗೆ ಕಥೆಯಲ್ಲಿ ಹೆಸರೇ ಇಲ್ಲ. ಮಾತನಾಡಲು ಜನವಿಲ್ಲದೆ ಅಲೆಯುವ ಆ ಹುಡುಗಿಯ ಮೃದುವಾದ ಕೂದಲನ್ನು ಲೆನ್ನಿ ಸವರುತ್ತಾನೆ. ಅವಳು ಹೆದರಿ ಕೂಗುತ್ತಾಳೆ. ಅವನು ಗಾಬರಿಯಿಂದ ಬಾಯಿ ಮುಚ್ಚಿಸಲು ಹೋಗಿ ಕತ್ತು ಮುರಿಯುತ್ತಾನೆ. ಗುಂಪು ಬಂದೂಕು ಹಿಡಿದು ಹೊರಡುತ್ತದೆ. ಜನರ ಕೈಗೆ ಸಿಕ್ಕಿ ಅವನು ಹಿಂಸೆಪಡಬಾರದೆಂದು ಜಾರ್ಜ್, ನದಿಯ ದಡದಲ್ಲಿ ಅದೇ ಜಮೀನಿನ ಕಥೆಯನ್ನು ಮತ್ತೊಮ್ಮೆ ಹೇಳುತ್ತಾ, ಹಿಂದಿನಿಂದ ಗುಂಡು ಹಾರಿಸುತ್ತಾನೆ.

ಜಾರ್ಜ್ ಮಾಡಿದ್ದು ಸರಿಯೇ ತಪ್ಪೇ ಎಂಬುದು ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಸ್ಟೈನ್‌ಬೆಕ್ ತೀರ್ಪು ಕೊಟ್ಟಿಲ್ಲ. ಕಾದಂಬರಿಗೆ ಅವರು ಮೊದಲು ಇಟ್ಟಿದ್ದ ಹೆಸರು ನಡೆದುಹೋದ ಒಂದು ಸಂಗತಿ ಎಂಬರ್ಥದ್ದು. ಯಾರನ್ನೂ ದೂರದೆ, ನಡೆದದ್ದನ್ನು ನಡೆದಂತೆ ಇಡುವುದು ಅವರ ಉದ್ದೇಶ. ನನಗಂತೂ ಕೊನೆಯ ಗುಂಡಿಗಿಂತಲೂ ಕ್ಯಾಂಡಿಯ ಲೆಕ್ಕಾಚಾರ ಹೆಚ್ಚು ಕಾಡುತ್ತದೆ. ಒಂದು ಕೈಯ ಬೆಲೆ 250 ಡಾಲರ್, ಹತ್ತು ಎಕರೆಯ ಬೆಲೆ 600.

ನಮ್ಮ ಓದುಗರಿಗೆ ಇಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ನೆನಪಾಗದೆ ಇರದು. ಅದು ಬಂದದ್ದು 1933ರಲ್ಲಿ, ಈ ಕಾದಂಬರಿಗಿಂತ ನಾಲ್ಕು ವರ್ಷ ಮೊದಲು. ಚೋಮನ ಬಳಿ ಎತ್ತುಗಳಿವೆ, ಉಳಲು ಭೂಮಿಯಿಲ್ಲ. ಅವನ ಜಾತಿಗೆ ಬೇಸಾಯವೇ ಸಲ್ಲದೆಂದು ಊರು ಕಟ್ಟುಮಾಡಿದೆ. ಸಾಲ ತೀರಿಸಲು ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗಬೇಕು. ಒಬ್ಬರು ಇನ್ನೊಬ್ಬರನ್ನು ಓದಿ ಬರೆದದ್ದಲ್ಲ. ಎರಡು ಖಂಡಗಳಲ್ಲಿ ಒಂದೇ ದಶಕದಲ್ಲಿ ಒಂದೇ ಆಸೆ ಕಥೆಯಾಗಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ವಿದ್ಯಾರ್ಥಿಗೆ ಗೈಡಿನ ಅಗತ್ಯ ಬೀಳಲಾರದು. ಇನ್ನು ಕೂಲಿಗಾಗಿ ಊರು ಬಿಟ್ಟವರನ್ನು ಕಾಣಲು ಪುಸ್ತಕವೇ ಬೇಕೆಂದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ಕಾರ್ಖಾನೆಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ, ಬೆಂಗಳೂರಿನ ಕಟ್ಟಡಗಳ ಕೆಳಗೆ ಅವರಿದ್ದಾರೆ. ಊರಿನಲ್ಲಿ ಎರಡು ಎಕರೆ ಬಿಡಿಸಿಕೊಳ್ಳಬೇಕು, ಒಂದು ಮನೆ ಕಟ್ಟಬೇಕು ಎಂಬ ಲೆಕ್ಕ ಅವರ ತಲೆಯಲ್ಲೂ ಓಡುತ್ತಿರುತ್ತದೆ.

ಪುಸ್ತಕ 1937ರ ಫೆಬ್ರವರಿಯಲ್ಲಿ ಹೊರಬಂದಿತು. ಪುಸ್ತಕ ಸಂಘವೊಂದು ಆರಿಸಿಕೊಂಡಿದ್ದರಿಂದ ಬಿಡುಗಡೆಗೆ ಮೊದಲೇ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ನವೆಂಬರ್‌ನಲ್ಲಿ ನ್ಯೂಯಾರ್ಕಿನ ರಂಗಮಂದಿರದಲ್ಲಿ ನಾಟಕವಾಗಿ ಗೆದ್ದು, ಮರುವರ್ಷ ನಾಟಕ ವಿಮರ್ಶಕರ ಪ್ರಶಸ್ತಿ ಪಡೆಯಿತು. 1939ರಲ್ಲಿ ಚಲನಚಿತ್ರವಾಯಿತು. ನಾಟಕದ ಮೊದಲ ಪ್ರದರ್ಶನಕ್ಕೆ ಲೇಖಕರೇ ಹೋಗಲಿಲ್ಲ. ಅವರ ಮನಸ್ಸು ಬೇರೆಡೆಗೆ ತಿರುಗಿತ್ತು.

ಒಕ್ಲಹೋಮ ಮುಂತಾದ ರಾಜ್ಯಗಳಲ್ಲಿ ಮಳೆ ಕೈಕೊಟ್ಟು, ಉತ್ತ ನೆಲದ ಮಣ್ಣು ಗಾಳಿಗೆ ಹಾರಿಹೋಗಿ, ಸಾಲ ಕೊಟ್ಟವರು ಜಮೀನು ಕಿತ್ತುಕೊಂಡು, ಲಕ್ಷಾಂತರ ಜನ ಹಳೆಯ ಕಾರುಗಳಲ್ಲಿ ಪಾತ್ರೆ ಪಡಗ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದ ಕಾಲ ಅದು. 1936ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೆ ಸ್ಟೈನ್‌ಬೆಕ್ ಈ ವಲಸಿಗರ ಕುರಿತು ಏಳು ಲೇಖನ ಬರೆದರು. ಅದಕ್ಕಾಗಿ ಹಳೆಯ ಬೇಕರಿ ವ್ಯಾನೊಂದರಲ್ಲಿ ಕ್ಯಾಂಪಿನಿಂದ ಕ್ಯಾಂಪಿಗೆ ಸುತ್ತಿದರು. ಸರ್ಕಾರಿ ಕ್ಯಾಂಪೊಂದರ ಮ್ಯಾನೇಜರ್ ಟಾಮ್ ಕಾಲಿನ್ಸ್ ತಮ್ಮ ವರದಿಗಳನ್ನೆಲ್ಲ ಅವರಿಗೆ ಕೊಟ್ಟರು. 1938ರ ಫೆಬ್ರವರಿಯಲ್ಲಿ ವಿಸೇಲಿಯಾದ ಬಳಿ ನೆರೆ ಬಂದು ಕುಟುಂಬಗಳು ಡೇರೆಗಳಲ್ಲಿ ಹಸಿದು ಸಾಯುತ್ತಿದ್ದಾಗ ಇಬ್ಬರೂ ಕೆಸರಿನಲ್ಲಿ ಓಡಾಡಿ ನೆರವಾದರು. ಅಲ್ಲಿ ಕಂಡದ್ದು ಎದೆಯಲ್ಲಿ ಕೂತಿತು. ಅದೇ ವರ್ಷ ಸುಮಾರು ಐದು ತಿಂಗಳಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಎಂಬ ಬೃಹತ್ ಕಾದಂಬರಿಯನ್ನು ಬರೆದು ಮುಗಿಸಿದರು. ಅದನ್ನು ಪತ್ನಿ ಕ್ಯಾರೊಲ್ ಹಾಗೂ ಟಾಮ್ ಇಬ್ಬರಿಗೂ ಅರ್ಪಿಸಿದರು.

1939ರ ಏಪ್ರಿಲ್‌ನಲ್ಲಿ ಬಂದ ಆ ಪುಸ್ತಕ ಮೊದಲ ವರ್ಷವೇ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ದೊಡ್ಡ ಜಮೀನುದಾರರು ಕೆರಳಿದರು. ಆಗಸ್ಟ್‌ನಲ್ಲಿ ಕರ್ನ್ ಕೌಂಟಿಯ ಆಡಳಿತ ಮಂಡಳಿ ತನ್ನ ಶಾಲೆ, ಗ್ರಂಥಾಲಯಗಳಿಂದ ಪುಸ್ತಕವನ್ನು ನಿಷೇಧಿಸಿತು. ಬೇಕರ್ಸ್‌ಫೀಲ್ಡ್ ಪಟ್ಟಣದಲ್ಲಿ ಅದನ್ನು ಸುಟ್ಟರು. ಪುಸ್ತಕವನ್ನು ಓದಿಯೇ ಇರದ ಒಬ್ಬ ಹೊಲದ ಕೆಲಸಗಾರನ ಕೈಯಿಂದ ಸುಡಿಸಿ ಫೋಟೋ ತೆಗೆಸಿದರೆಂಬುದು ಎಲ್ಲಕ್ಕಿಂತ ಬೇಸರದ ಸಂಗತಿ. ಆ ಕೌಂಟಿಯ ಗ್ರಂಥಪಾಲಕಿ ಗ್ರೆಚೆನ್ ನೀಫ್ ಎಂಬ ಮಹಿಳೆ, ತಮ್ಮ ಕೆಲಸವೇ ಆ ಮಂಡಳಿಯ ಕೈಯಲ್ಲಿದ್ದರೂ, ನಿಷೇಧ ತಪ್ಪೆಂದು ಅದಕ್ಕೇ ಪತ್ರ ಬರೆದರು. 1941ರ ಜನವರಿಯಲ್ಲಿ ನಿಷೇಧ ತೆರವಾಯಿತು. ಸಲಿನಾಸ್‌ನಲ್ಲಿಯೂ, ಎಂದರೆ ಹುಟ್ಟಿದ ಊರಿನಲ್ಲಿಯೇ, ಅವರ ಪುಸ್ತಕಗಳು ಬೆಂಕಿಗೆ ಬಿದ್ದವು. ಊರಿನ ಮಾನ ಕಳೆದವನೆಂಬ ಸಿಟ್ಟು. ಕಾದಂಬರಿಗೆ 1940ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತು.

ಸ್ಟೈನ್‌ಬೆಕ್‌ರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಬಿಳಿಯರಿಗಿಂತ ಮೊದಲೇ ಚೀನಾ, ಜಪಾನ್, ಮೆಕ್ಸಿಕೋ, ಫಿಲಿಪೈನ್ಸ್‌ನವರು ಬೆವರು ಸುರಿಸಿದ್ದರು. ಪಂಜಾಬಿನಿಂದ ಹೋದ ಸಿಖ್ಖರೂ ಮುಸ್ಲಿಮರೂ ಅಲ್ಲಿದ್ದರು. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಬೇಸಾಯದ ಭೂಮಿ ಕೊಳ್ಳಬಾರದೆಂದು 1913ರ ಕಾನೂನು ಹೇಳುತ್ತಿತ್ತು. ಭಾರತೀಯರು ಆ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಜಾರ್ಜ್ ಮತ್ತು ಲೆನ್ನಿಗೆ ಹಣ ಸಾಲಲಿಲ್ಲ, ನಮ್ಮವರಿಗೆ ಹಣವಿದ್ದರೂ ಹಕ್ಕಿರಲಿಲ್ಲ. ಪತ್ರಿಕಾ ಲೇಖನಗಳಲ್ಲಿ ಏಷ್ಯಾ, ಮೆಕ್ಸಿಕೋದ ಕೂಲಿಗಳ ಚರಿತ್ರೆಯನ್ನು ಬರೆದ ಸ್ಟೈನ್‌ಬೆಕ್, ಈ ಎರಡು ಕಾದಂಬರಿಗಳ ನಡುಮನೆಯಲ್ಲಿ ಅವರಿಗೆ ಜಾಗ ಕೊಡಲಿಲ್ಲ. ಸಂಸಾರದಲ್ಲಿಯೂ ಎರಡು ಮದುವೆಗಳು ಮುರಿದವು. ಬರೆದದ್ದನ್ನೆಲ್ಲ ಟೈಪು ಮಾಡಿ ತಿದ್ದಿ, ದೊಡ್ಡ ಕಾದಂಬರಿಗೆ ಹೆಸರನ್ನೂ ಸೂಚಿಸಿದ ಕ್ಯಾರೊಲ್‌ರೊಂದಿಗಿನ ದಾಂಪತ್ಯ 1943ರಲ್ಲಿ ಕೊನೆಗೊಂಡಿತು. 1948ರಲ್ಲಿ ಆಪ್ತ ಗೆಳೆಯ, ಕಡಲಜೀವಿಗಳ ವಿಜ್ಞಾನಿ ಎಡ್ ರಿಕೆಟ್ಸ್ ಕಾರಿಗೆ ರೈಲು ಬಡಿದು ತೀರಿಹೋದರು. ಮೂರನೆಯ ಪತ್ನಿ ಎಲೇನ್‌ರೊಂದಿಗೆ ಉಳಿದ ಬದುಕು ನ್ಯೂಯಾರ್ಕಿನ ಕಡೆ ಕಳೆಯಿತು. 1952ರಲ್ಲಿ ಬಂದ 'ಈಸ್ಟ್ ಆಫ್ ಈಡನ್' ಮತ್ತೆ ಸಲಿನಾಸ್ ಕಣಿವೆಯ ಕಥೆಯೇ.

1962ರಲ್ಲಿ ನೊಬೆಲ್ ಬಹುಮಾನ ಬಂದಾಗ ಅಮೆರಿಕದ ಪತ್ರಿಕೆಗಳೇ ಹುಬ್ಬೇರಿಸಿದವು. ತಮಗೆ ಅದಕ್ಕೆ ಅರ್ಹತೆ ಇದೆಯೇ ಎಂದು ಕೇಳಿದ ಪತ್ರಕರ್ತನಿಗೆ, ಇಲ್ಲವೆಂದೇ ಸ್ಟೈನ್‌ಬೆಕ್ ಉತ್ತರಿಸಿದರು. ವಿಯೆಟ್ನಾಂ ಯುದ್ಧಭೂಮಿಗೆ ಹೋಗಿ ಬರೆದ ವರದಿಗಳಲ್ಲಿ ತಮ್ಮ ದೇಶದ ಸೈನಿಕರ ಪರ ನಿಂತಾಗ, ಅವರನ್ನು ಬಡವರ ಲೇಖಕರೆಂದು ಮೆಚ್ಚಿದ್ದವರೇ ಮುಖ ತಿರುಗಿಸಿದರು. 1968ರ ಡಿಸೆಂಬರ್ 20ರಂದು ನ್ಯೂಯಾರ್ಕಿನಲ್ಲಿ ಹೃದಯರೋಗದಿಂದ ತೀರಿಕೊಂಡರು. ಚಿತಾಭಸ್ಮವನ್ನು ಸಲಿನಾಸ್‌ಗೆ ತಂದು ಮನೆಯವರ ಸಮಾಧಿಗಳ ಪಕ್ಕದಲ್ಲಿ ಹೂಳಿದರು.

ಅವರು ಹೋದ ಮೇಲೂ ಲೆನ್ನಿಯ ಕಥೆ ಮುಗಿಯಲಿಲ್ಲ. ಬುದ್ಧಿಮಾಂದ್ಯರಿಗೆ ಮರಣದಂಡನೆ ಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ನೀಡಿತು. ಯಾರನ್ನು ಬುದ್ಧಿಮಾಂದ್ಯರೆನ್ನಬೇಕು ಎಂಬುದನ್ನು ರಾಜ್ಯಗಳಿಗೆ ಬಿಟ್ಟಿತು. 2004ರಲ್ಲಿ ಟೆಕ್ಸಾಸ್ ರಾಜ್ಯದ ಉನ್ನತ ಕ್ರಿಮಿನಲ್ ನ್ಯಾಯಾಲಯ, ಲೆನ್ನಿಯಂಥವನಿಗೆ ವಿನಾಯಿತಿ ಸಿಗಬೇಕೆಂದು ಟೆಕ್ಸಾಸಿನ ಜನ ಒಪ್ಪಬಹುದೆಂದು ಹೇಳಿ, ಕಾದಂಬರಿಯ ಪಾತ್ರವನ್ನು ಉದಾಹರಣೆಗಿಟ್ಟು ತನ್ನದೇ ಪರೀಕ್ಷೆಗಳನ್ನು ರೂಪಿಸಿತು. ವೈದ್ಯಶಾಸ್ತ್ರದ ಅಳತೆಗೆ ಬದಲು ಕಥೆಯ ಅಳತೆ! ಲೆನ್ನಿಯಷ್ಟು ದಡ್ಡನಾಗಿ ತೋರದವನು ಮರಣದಂಡನೆಗೆ ಅರ್ಹನೆಂಬಂತಾಯಿತು. 2012ರಲ್ಲಿ, ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ 61 ಅಂಕ ಪಡೆದಿದ್ದ ಕೈದಿಯೊಬ್ಬನಿಗೆ ಅಲ್ಲಿ ಮರಣದಂಡನೆ ಆಗುವ ದಿನ ಸ್ಟೈನ್‌ಬೆಕ್‌ರ ಮಗ ಥಾಮಸ್ ಬಹಿರಂಗವಾಗಿ ಪ್ರತಿಭಟಿಸಿದರು. ಯಾರನ್ನು ಕೊಲ್ಲಬಹುದೆಂದು ಅಳೆಯಲು ತಮ್ಮ ತಂದೆ ಆ ಪಾತ್ರವನ್ನು ಸೃಷ್ಟಿಸಿರಲಿಲ್ಲವೆಂದು ಅವರ ವಾದ. ದಂಡನೆ ನಿಲ್ಲಲಿಲ್ಲ. 2017ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಟೆಕ್ಸಾಸಿನ ಆ ಪರೀಕ್ಷೆಗಳನ್ನು ತಳ್ಳಿಹಾಕಿತು. ತರಗತಿಯಲ್ಲಿ ಒಂದು ಪಾತ್ರವನ್ನು ತಪ್ಪಾಗಿ ಓದಿದರೆ ಅಂಕ ಹೋಗುತ್ತದೆ. ಇಲ್ಲಿ ಹೋದದ್ದು ಒಂದು ಜೀವ.

ಪುಸ್ತಕದ ಮೇಲಿನ ತಕರಾರುಗಳೂ ನಿಂತಿಲ್ಲ. ಒರಟು ಮಾತುಗಳಿವೆಯೆಂದು ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಅದನ್ನು ತೆಗೆಸಲು ಪೋಷಕರು ದೂರು ಕೊಟ್ಟಿದ್ದಾರೆ. ಕ್ರೂಕ್ಸ್‌ನನ್ನು ಕರೆಯುವ ಹೀನಾಯ ಪದ ತರಗತಿಯಲ್ಲಿ ಕೂತ ಕಪ್ಪು ಮಕ್ಕಳನ್ನು ನೋಯಿಸುತ್ತದೆಂಬ ಮಾತು ಸುಳ್ಳಲ್ಲ. ಓದಿಸುವ ಮೇಷ್ಟ್ರು ಆ ನೋವನ್ನು ಮೊದಲು ಮಾತನಾಡಿಯೇ ಮುಂದೆ ಹೋಗಬೇಕು.

ಸಲಿನಾಸ್ ಊರಿನ ಗ್ರಂಥಾಲಯಕ್ಕೆ ಅವರು ತೀರಿಕೊಂಡ ಮರುವರ್ಷವೇ ಜಾನ್ ಸ್ಟೈನ್‌ಬೆಕ್ ಎಂದು ಹೆಸರಿಟ್ಟರು. 2004ರ ಕೊನೆಗೆ ನಗರಸಭೆಯ ಬೊಕ್ಕಸ ಬರಿದಾಗಿ, ಊರಿನ ಮೂರೂ ಗ್ರಂಥಾಲಯಗಳನ್ನು ಮುಚ್ಚುವ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಆ ಊರಿನ ಹೊಲಗಳಲ್ಲಿ ಸೊಪ್ಪು, ಸ್ಟ್ರಾಬೆರಿ ಕೊಯ್ಯುವವರು ಬಹುಪಾಲು ಮೆಕ್ಸಿಕೋ ಮೂಲದವರು. ಪುಸ್ತಕ ಕೊಳ್ಳಲಾಗದ ಅವರ ಮಕ್ಕಳಿಗೆ ಗ್ರಂಥಾಲಯವೇ ಗತಿ. 2005ರ ಏಪ್ರಿಲ್‌ನಲ್ಲಿ ಲೇಖಕರೂ ಊರಿನವರೂ ಸೇರಿ ಇಪ್ಪತ್ತನಾಲ್ಕು ಗಂಟೆ ಬಿಡದೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿದರು. ಚಂದಾ ಎತ್ತಿ ಬಾಗಿಲು ಮುಚ್ಚದಂತೆ ತಡೆದರು. ಆ ವರ್ಷ ನವೆಂಬರ್‌ನಲ್ಲಿ ತಮ್ಮ ಮೇಲೆ ತಾವೇ ಅರ್ಧ ಸೆಂಟಿನ ಮಾರಾಟ ತೆರಿಗೆ ಹಾಕಿಕೊಳ್ಳಲು ಊರಿನ ಜನ ಮತ ಕೊಟ್ಟರು. ಗ್ರಂಥಾಲಯ ಉಳಿಯಿತು.